ಮೊದಲು ಕಿವಿ ತುಂಬಲಿ

ಎರಡು ವರ್ಷಗಳ ಹಿಂದೆ ಮಗಳನ್ನು ಸಂಗೀತ ಪಾಠಕ್ಕೆ ಸೇರಿಸಿದಾಗ ಅವಳಿಗೆ ಐದು ತುಂಬಿತ್ತು. ಸ್ನಾನ ಮಾಡುವಾಗ, ಶೂ ಹಾಕಿಕೊಳ್ಳುವಾಗ, ತಟ್ಟೆಯ ಮುಂದೆ ಕುಳಿತು ಅನ್ನಕ್ಕೆ ಕಾಯುವಾಗ ಏನಾದರೊಂದು ಗುನುಗುತ್ತಲೇ ಇದ್ದ ಮಗು. ನಾಲ್ಕು ತಿಂಗಳಲ್ಲಿ ಆ ಗುನುಗು ನಿಂತುಹೋಯಿತು.

ಪಾಠದಲ್ಲಿ ಯಾರೂ ಬೈದಿರಲಿಲ್ಲ. ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಅಭ್ಯಾಸ, ಮೂರು ಕಾಲದಲ್ಲೂ (ಮೂರು ವೇಗದಲ್ಲೂ) ತಪ್ಪಿಲ್ಲದೆ ಬರುವವರೆಗೆ ಬೇರೆ ಹಾಡಿಲ್ಲ ಎಂಬುದು ಅಲ್ಲಿನ ನಿಯಮ. ಮನೆಯಲ್ಲಿ ನಾನು ಅದನ್ನು ಇನ್ನಷ್ಟು ಬಿಗಿ ಮಾಡಿದೆ. ಅವಳು ಬಾಯಿ ತೆರೆದಾಗಲೆಲ್ಲ “ಶ್ರುತಿ ಸೇರಲಿಲ್ಲ, ಇನ್ನೊಮ್ಮೆ” ಎಂದೆ. ಒಂದು ಸಂಜೆ ಅವಳು, “ಅಮ್ಮ, ಇವತ್ತು ಹಾಡದೇ ಇದ್ದರೆ ಪರವಾಗಿಲ್ಲವಾ?” ಎಂದು ಕೇಳಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವಾರವೇ ಪಾಠ ಬಿಡಿಸಿದೆ.

ಸರಳೆ ವರಸೆಯ ಮೇಲೆ ನನಗೆ ಅಪಾರ ಗೌರವವಿದೆ. ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ಹೇಳುವ ಆ ಪಾಠಕ್ರಮದಲ್ಲಿ ಎಂತಹ ವಿವೇಕವಿದೆ! ಅದನ್ನು ಕಲಿಸುವ ಮಾಯಾಮಾಳವಗೌಳ ರಾಗದಲ್ಲಿ ಸ-ರಿ, ಗ-ಮ, ಪ-ದ, ನಿ-ಸ ಒಂದಕ್ಕೊಂದು ಒತ್ತಿಕೊಂಡಿವೆ. ರಿ-ಗ, ದ-ನಿಗಳ ನಡುವೆ ದೊಡ್ಡ ಅಂತರ. ತೀರ ಸಮೀಪದ ಸ್ವರವೂ ದೂರದ ಸ್ವರವೂ ಒಂದೇ ರಾಗದಲ್ಲಿ ಕಿವಿಗೆ ಪರಿಚಯವಾಗುತ್ತವೆ. ಆದರೆ ಆ ಅಂತರದ ರುಚಿ ತಿಳಿಯಬೇಕಾದರೆ ಕಿವಿ ಅದಕ್ಕೂ ಮೊದಲು ಬೇಕಾದಷ್ಟು ಸಂಗೀತ ಉಂಡಿರಬೇಕು. ಸಂಗೀತಗಾರರು ಕೇಳ್ಮೆ ಎನ್ನುವುದು ಇದನ್ನೇ. ಮಾತು ಕಲಿಯುವ ಕೂಸಿಗೆ ನಾವು ಕಾಗುಣಿತದಿಂದ ಶುರು ಮಾಡುತ್ತೇವೆಯೇ?

ಕೇಳ್ಮೆಗೆ ಬೆಂಗಳೂರಿನಂತಹ ಊರು ಇನ್ನೊಂದು ಬೇಕೆ? ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವ ನಡೆಸುವ ಶ್ರೀರಾಮ ಸೇವಾ ಮಂಡಳಿ 1939ರಲ್ಲಿ ಆರಂಭವಾದದ್ದು. ಅಲ್ಲಿ ಮಗಳನ್ನು ಪೆಂಡಾಲಿನ ಹಿಂಬದಿಯಲ್ಲಿ ಕೂರಿಸಿಕೊಳ್ಳುತ್ತೇನೆ. ಆಲಾಪನೆಯ ಹೊತ್ತಿಗೆ ನನ್ನ ತೊಡೆಯ ಮೇಲೆ ನಿದ್ದೆ. ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಶುರುವಾದರೆ ತಾನಾಗಿಯೇ ಎದ್ದು ಕೂರುತ್ತಾಳೆ. ಮೃದಂಗ ನುಡಿಸಿದ್ದನ್ನು ಘಟ ಹಿಂತಿರುಗಿಸಿ ಹೇಳುವಾಗ ಅವಳ ಕಣ್ಣು ಅತ್ತಿಂದಿತ್ತ ಓಡಾಡುವುದನ್ನು ನೋಡಬೇಕು. ಸಾಕೆನಿಸಿದರೆ ಎದ್ದು ಬರುತ್ತೇವೆ, ಬಲವಂತವಿಲ್ಲ. ಜೆ.ಪಿ. ನಗರದ ಸಂಗೀತ ಸಂಗ್ರಹಾಲಯದ ಅಂಗಳದಲ್ಲಿ ಮಕ್ಕಳೇ ಬಾರಿಸಿ ನೋಡಬಹುದಾದ ವಾದ್ಯಗಳಿವೆ. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವನ್ನು ತೋರಿಸಿ, ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ ಕಥೆ ಹೇಳಿದೆ. ಕಡಲೆಕಾಯಿ ಪರಿಷೆಯಲ್ಲಿ ಕೊಂಡ ಪೀಪಿಯ ಗದ್ದಲವನ್ನು ಮೂರು ದಿನ ಇಡೀ ಮನೆ ಸಹಿಸಿತು. ಅದೂ ಸಂಗೀತವೇ ಎಂದು ನಾನು ನಂಬುತ್ತೇನೆ.

ಎಲ್ಲಕ್ಕಿಂತ ಹೆಚ್ಚಿನದು ನಮ್ಮ ಅತ್ತೆಯವರಿಂದ ಸಿಕ್ಕಿತು. ಹೂ ಕಟ್ಟುತ್ತಾ ಅವರು ದೇವರನಾಮ ಹೇಳಿಕೊಳ್ಳುತ್ತಾರೆ, ಯಾರಿಗೂ ಕೇಳಿಸಲೆಂದಲ್ಲ. ಮಗಳು ಪಕ್ಕದಲ್ಲಿ ಕುಳಿತು ಸಾಲಿನ ಕೊನೆಯ ಪದಗಳನ್ನು ಮಾತ್ರ ಜೊತೆಗೂಡಿಸುತ್ತಾಳೆ. ತಪ್ಪಿದರೆ ಅವರು ತಿದ್ದುವುದಿಲ್ಲ, ಅದೇ ಸಾಲನ್ನು ಮತ್ತೊಮ್ಮೆ ಹೇಳುತ್ತಾರೆ. ಇಷ್ಟು ಸರಳ ಉಪಾಯ ನನಗೆ ಹೊಳೆದಿರಲಿಲ್ಲ. ಮನೆಗೆ ಬಂದವರ ಮುಂದೆ “ಎಲ್ಲಿ, ಒಂದು ಹಾಡು ಹೇಳು ಪುಟ್ಟಿ” ಎಂದು ಮಗುವನ್ನು ನಿಲ್ಲಿಸುವುದನ್ನೂ ಬಿಟ್ಟಿದ್ದೇವೆ.

“ಈಗಲೇ ಶುರು ಮಾಡದಿದ್ದರೆ ಸಂಗೀತದ ಜೂನಿಯರ್ ಪರೀಕ್ಷೆ ಯಾವಾಗ, ಸೀನಿಯರ್ ಯಾವಾಗ?” ಎಂದು ನೆಂಟರು ಕೇಳುತ್ತಾರೆ. ಅವರ ಕಾಳಜಿ ನಿಜವಾದದ್ದೇ. ಗಂಭೀರವಾಗಿ ಹಾಡಬೇಕೆಂದರೆ ಗುರುಮುಖೇನ ಪಾಠ, ವರ್ಷಗಟ್ಟಲೆ ಸಾಧನೆ ಬೇಕೇ ಬೇಕು. ಆದರೆ ಆ ಬಾಗಿಲನ್ನು ಅವಳೇ ತಟ್ಟಲಿ ಎಂದು ಕಾಯುತ್ತಿದ್ದೇನೆ. ತಟ್ಟದೇ ಹೋದರೂ, ಎಪ್ಪತ್ತರ ವಯಸ್ಸಿನಲ್ಲಿ ಹೂ ಕಟ್ಟುತ್ತಾ ಹಾಡಿಕೊಳ್ಳುವ ಹೆಂಗಸಾದರೆ ನನಗೆ ಸಂತೋಷವೇ.

ಮೊನ್ನೆ ಬಸ್ಸಿನಲ್ಲಿ ಮಗಳು ತೊಡೆಯ ಮೇಲೆ ಆದಿತಾಳ ಹಾಕುತ್ತಿದ್ದಳು. ತಾಳದ ಎಂಟೆಣಿಕೆ ಆ ನಾಲ್ಕು ತಿಂಗಳ ಪಾಠದಿಂದ ಉಳಿದದ್ದು. ಅದಕ್ಕೆ ನಮ್ಮ ಬಡಾವಣೆಯ ಹೆಸರು ಕೂರಿಸುತ್ತಿದ್ದಳು: ಹ, ನು, ಆಮೇಲೆ ಮಂ ಒಂದನ್ನೇ ಎರಡೆಣಿಕೆ ಎಳೆದು, ತ, ನ, ಗ, ರ. ಸರಿಯಾಗಿ ಎಂಟು! ನನಗೇ ಇದು ಎಂದೂ ಕಂಡಿರಲಿಲ್ಲ. ಹಾಗಾದರೆ ಬಸವನಗುಡಿ ಎಂದೆ. ಬೆರಳು ಮಡಚಿ ಎಣಿಸಿದಳು.

“ಆರೇ ಇದೆ ಅಮ್ಮ. ಎರಡು ಸುಮ್ಮನಿರುತ್ತೇನೆ.”

ಕಂಡಕ್ಟರ್ ಬರುವವರೆಗೂ ಇಬ್ಬರೂ ಅದನ್ನೇ ಹಾಡಿದೆವು.