ಬರೀ ತಲೆಯವರು

ಹೋದ ತಿಂಗಳು ನನಗೆ ಪೇಟ ತೊಡಿಸಿದರು. ಕೆಲಸದಿಂದ ನಿವೃತ್ತನಾದೆ ಅಂತ ನಮ್ಮ ಬಡಾವಣೆಯವರ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೇಲೊಂದು ಮೈಸೂರು ಪೇಟ. ತೊಡಿಸಿದವರು ಕೈ ತೆಗೆದಿದ್ದೇ ತಡ, ಅದು ಜಾರಿ ಹುಬ್ಬಿನ ಮೇಲೆ ಕೂತಿತು. ಫೋಟೋದಲ್ಲಿ ಮೂಗಿನಿಂದ ಕೆಳಗೆ ಮಾತ್ರ ನಾನಿದ್ದೇನೆ.

ಭಾಷಣ ಶುರುವಾದ ಮೇಲೆ ಮೆಲ್ಲಗೆ ತೆಗೆದು ತೊಡೆ ಮೇಲಿಟ್ಟುಕೊಂಡೆ. ಒಳಗೆ ಇಣುಕಿದರೆ ಸುತ್ತ ರಟ್ಟು. ಹಣೆ ತಾಗುವಲ್ಲಿ ಬೆರಳಗಲ ಸ್ಪಂಜು. ಜರಿಯ ಪಟ್ಟಿಯನ್ನು ಸ್ಟೇಪ್ಲರ್ ಪಿನ್ನು ಹೊಡೆದು ನಿಲ್ಲಿಸಿದ್ದರು. ಹೊಸದಾದ್ದರಿಂದ ಗೋಂದಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಸುಮ್ನೆ ಎದುರಿಗಿದ್ದವರ ತಲೆಗಳನ್ನು ನೋಡಿದೆ. ಬೋಳು, ಅರೆಬೋಳು, ಡೈ ಹಚ್ಚಿದ್ದು, ಡೈ ಬಿಟ್ಟು ಎರಡು ಬಣ್ಣವಾಗಿದ್ದು. ಟೋಪಿ ಅಂತ ಇದ್ದದ್ದು ಒಂದೇ. ಹಿಂದಿನ ಸಾಲಿನ ಹಿರಿಯರೊಬ್ಬರ ಮಂಕಿ ಕ್ಯಾಪ್. ಅದೂ ಅವರ ಹೆಂಡತಿ ಹಾಕಿದ್ದು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ನಮ್ಮ ತಾತ ಮದ್ದೂರಿನ ಕಡೆಯವರು. ಬಾಗಿಲ ಪಕ್ಕದ ಗೂಟದಲ್ಲಿ ಅವರ ಕರಿ ಟೋಪಿ ಇರುತ್ತಿತ್ತು. ಟೋಪಿ ಗೂಟದಲ್ಲಿದ್ದರೆ ತಾತ ಮನೇಲಿದ್ದಾರೆ, ಇಲ್ಲದಿದ್ದರೆ ಇಲ್ಲ. ಬಂದವರು ಒಳಗೆ ಕೇಳುತ್ತಲೇ ಇರಲಿಲ್ಲ, ಗೂಟ ನೋಡಿ ವಾಪಸ್ ಹೋಗುತ್ತಿದ್ದರು. ಒಳಗಿನ ಚರ್ಮದ ಪಟ್ಟಿ ಹರಳೆಣ್ಣೆ ಕುಡಿದು ಕುಡಿದು ಮಿರಮಿರ ಮಿಂಚುತ್ತಿತ್ತು. ಮೂಸಿದರೆ ಎಣ್ಣೆ, ಬೆವರು, ನಶ್ಯ, ಮೂರೂ. ಬರೀ ತಲೇಲಿ ಅವರು ಬೀದಿಗೆ ಇಳಿದದ್ದನ್ನು ನಾನು ನೋಡಿಲ್ಲ. ಹೊಲಕ್ಕೆ ಹೋಗುವವರಿಗೆ ಟವೆಲ್ಲೇ ರುಮಾಲು. ಬಿಸಿಲಿಗೆ ನೆರಳು, ಹೊರೆ ಹೊತ್ತಾಗ ಸಿಂಬಿ, ಉಂಡ ಮೇಲೆ ಕೈ ಒರೆಸೋಕೆ, ಮರದಡಿ ಹಾಸೋಕೆ. ಇಷ್ಟೆಲ್ಲ ಕೆಲಸ ಇದ್ದದ್ದಕ್ಕೇ ಅದು ಇನ್ನೂ ಉಳಿದಿದೆ ಅನ್ನಿಸುತ್ತೆ.

ಅಮೆರಿಕದಲ್ಲಿ ಗಂಡಸರು ಟೋಪಿ ಬಿಟ್ಟಿದ್ದಕ್ಕೆ ಪಾಪ ಕೆನಡಿಯನ್ನು ದೂರುತ್ತಾರೆ. 1961ರ ಜನವರಿಯಲ್ಲಿ ಅಧ್ಯಕ್ಷರಾದ ದಿನ ಬರೀ ತಲೇಲಿ ಬಂದರಂತೆ, ಊರೆಲ್ಲ ಅವರನ್ನೇ ನೋಡಿ ಕಲಿತಿತಂತೆ. ನಿಜ ಏನಂದರೆ ಅವರು ಅವತ್ತು ಉದ್ದದ ರೇಷ್ಮೆ ಟೋಪಿ ತಂದೇ ಇದ್ದರು, ಭಾಷಣಕ್ಕೆ ನಿಂತಾಗ ತೆಗೆದಿದ್ದರು ಅಷ್ಟೆ. ಅದಕ್ಕೆ ಎಷ್ಟೋ ಮೊದಲೇ ಅಲ್ಲಿ ಟೋಪಿ ಇಳಿಯತೊಡಗಿತ್ತು. ಮನೆಮನೆಗೂ ಕಾರು ಬಂತು, ಕಾರಿನ ಚಾವಣಿ ತಗ್ಗು.

ನಮ್ಮ ಕಡೆ ಕಾರಿನ ಮೇಲೆ ತಪ್ಪು ಹೊರಿಸೋಕಾಗಲ್ಲ. ಬಸ್ಸಿಗೇ ಕಾಸಿರಲಿಲ್ಲ. ನನ್ನ ಗುಮಾನಿ ಕ್ರಾಪಿನ ಮೇಲೆ. ಜುಟ್ಟು ಇದ್ದಾಗ ಅದನ್ನು ಮುಚ್ಚೋಕೆ ಏನೋ ಒಂದು ಬೇಕಿತ್ತು. ಕಾಸು ಕೊಟ್ಟು ಕ್ರಾಪು ತೆಗೆಸಿ, ಎಣ್ಣೆ ಹಚ್ಚಿ, ಬೈತಲೆ ತೆಗೆದ ಮೇಲೆ ಯಾರು ಮುಚ್ಚಿಟ್ಟುಕೊಳ್ಳುತ್ತಾರೆ? ನಮ್ಮಪ್ಪನ ಜೇಬಲ್ಲಿ ಬಾಚಣಿಗೆ ಇತ್ತು. ತಾತನ ಗೂಟಕ್ಕೆ ಛತ್ರಿ ಬಂತು.

ಟೋಪಿಗೆ ಹೆಸರೂ ಕೆಟ್ಟಿತು ಬಿಡಿ. 1938ರಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತಲ್ಲ, ಆಗಿನ ಕಾಲದಲ್ಲಿ ಗಾಂಧಿ ಟೋಪಿ ಹಾಕೋಕೆ ಎದೆ ಬೇಕಿತ್ತು. ಆಮೇಲೆ ಓಟು ಕೇಳೋರೆಲ್ಲ ಹಾಕಿಕೊಂಡರು. ಈಗ ಟೋಪಿ ಹಾಕೋದು ಅಂದರೆ ಏನು ಅಂತ ಚೀಟಿ ಕಟ್ಟಿ ಕಳಕೊಂಡವರನ್ನು ಕೇಳಿ.

ಪೇಟ ಮಾತ್ರ ಮರ್ಯಾದೆ ಉಳಿಸಿಕೊಂಡಿದೆ. ವಿಶ್ವೇಶ್ವರಯ್ಯನವರನ್ನು ಪೇಟ ಇಲ್ಲದೆ ನೆನೆಸಿಕೊಳ್ಳಿ ನೋಡೋಣ, ಆಗಲ್ಲ. ಆದರೆ ಅವರಿಗೆ ಅದು ದಿನದ ಉಡುಪು. ನಮಗೆ ಹತ್ತು ನಿಮಿಷದ್ದು.

ಸಮಾರಂಭ ಮುಗಿದು ಸ್ಕೂಟರ್ ಹತ್ತಿರ ಬಂದಾಗ ಅಸಲಿ ಸಮಸ್ಯೆ ಎದುರಾಯಿತು. ತಲೆಗೆ ಹೆಲ್ಮೆಟ್ ಬೇಕು. ಪೇಟ ಎಲ್ಲಿಡೋದು? ಡಿಕ್ಕಿಯಲ್ಲಿ ಹಣ್ಣು. ಕೊನೆಗೆ ತರಕಾರಿ ಚೀಲ ನೇತುಹಾಕೋ ಕೊಕ್ಕೆಗೆ ಸಿಕ್ಕಿಸಿದೆ. ಕೆ.ಆರ್. ಸರ್ಕಲ್‌ನಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದರು. ನಿಂತೆ. ಮೇಲೆ ಮಂಟಪದೊಳಗೆ ನಾಲ್ವಡಿಯವರು ಪೇಟ ಧರಿಸಿ ನಿಂತಿದ್ದರು. ಕೆಳಗೆ ನನ್ನ ಮಂಡಿ ಮುಂದೆ ನನ್ನದು ತೂಗಾಡುತ್ತಿತ್ತು. ಪೊಲೀಸಿನವರು ಅದರ ಕಡೆ ನೋಡಲೂ ಇಲ್ಲ. ನನ್ನ ಗದ್ದದ ಕೆಳಗೆ ಬಗ್ಗಿ ನೋಡಿ, "ಬೆಲ್ಟ್ ಹಾಕ್ಕೊಳ್ಳಿ ಸಾರ್" ಅಂದರು.