ಎಂಜಿನ್‌ಗೆ ಒಂದು ಮುಚ್ಚಳ

ಮತ್ತೆ ಬಂತು ನೋಡಿ ಅದೇ ಸುದ್ದಿ. ಮೂಲೆಗೆ ಬಿದ್ದಿರುವ ಹಳೇ ಸ್ಟೀಮ್ ಎಂಜಿನ್‌ಗಳನ್ನು ಉಳಿಸುತ್ತಾರಂತೆ. ಸಮಿತಿ ಮಾಡುತ್ತಾರಂತೆ, ಡಿಪಿಆರ್ ಅಂದರೆ ವಿವರವಾದ ಯೋಜನಾ ವರದಿ ಆಗುತ್ತಂತೆ. ಎಂಜಿನ್ ಎಲ್ಲಿಗೂ ಓಡಿಹೋಗಲ್ಲ ಅಂತ ಸಮಿತಿಗೆ ಗ್ಯಾರಂಟಿ ಇದೆ. ಹಾಗಾಗಿ ಆತುರ ಏನೂ ಇಲ್ಲ.

ನಮ್ಮಲ್ಲಿ ಉಳಿಸೋದು ಅಂದರೆ ಬಣ್ಣ ಹೊಡೆಯೋದು. ಮೈಗೆ ಕಪ್ಪು, ಬಫರ್‌ಗೆ ಕೆಂಪು, ಮುಖಕ್ಕೆ ಬೆಳ್ಳಿ ಬಣ್ಣ. ಸುತ್ತ ಗ್ರಿಲ್ಲು, ಪಕ್ಕದಲ್ಲಿ ಸೆಲ್ಫಿಗೆ ಜಾಗ. ತುಕ್ಕು ಕೆರೆದು ಬಣ್ಣ ಹೊಡೆಯಬೇಕು ಅನ್ನೋ ನಿಯಮ ಪೇಂಟರ್‌ಗೆ ಗೊತ್ತು, ಬಿಲ್ ಪಾಸ್ ಮಾಡುವವರಿಗೆ ಬೇಕಿಲ್ಲ. ಹೆಣಕ್ಕೆ ಸಿಂಗಾರ. ಹಿತ್ತಾಳೆಯ ಸೀಟಿ, ಮೀಟರು, ನಂಬರ್ ಪ್ಲೇಟು ಎಲ್ಲ ಬಣ್ಣಕ್ಕಿಂತ ಮುಂಚೆಯೇ ಗುಜರಿ ಅಂಗಡಿಗೆ ಹೋಗಿರುತ್ತವೆ. ಉಳಿದ ಕಬ್ಬಿಣ ಇನ್ನೂ ಅಲ್ಲೇ ಇದೆ ಅಂದರೆ ಕಾರಣ ಒಂದೇ, ಎತ್ತೋಕೆ ಭಾರ ಜಾಸ್ತಿ.

ಈ ವಿಷಯದಲ್ಲಿ ನಾವು ಕೋಲಾರ, ಚಿಕ್ಕಬಳ್ಳಾಪುರದವರು ಅನುಭವಸ್ಥರು. ಬಂಗಾರಪೇಟೆಯಿಂದ ಕೋಲಾರಕ್ಕೆ ನ್ಯಾರೋ ಗೇಜ್ ರೈಲು ಬಂದಿದ್ದು 1913ರಲ್ಲಿ. ಆಮೇಲೆ ಚಿಂತಾಮಣಿ, ಚಿಕ್ಕಬಳ್ಳಾಪುರ, ಯಲಹಂಕದವರೆಗೂ ಅದೇ ಪುಟ್ಟ ಹಳಿ. ದೇವನಹಳ್ಳಿ ಹತ್ತಿರ ರೈಲಿಂದ ಇಳಿದು ಚಕ್ಕೋತ ಕಿತ್ತುಕೊಂಡು ಮತ್ತೆ ಅದೇ ರೈಲು ಹತ್ತಬಹುದಿತ್ತು ಅಂತ ಹಿರಿಯರು ಹೇಳುತ್ತಾರೆ. ಹಿರಿಯರ ಮಾತಿನಲ್ಲಿ ರೈಲು ವರ್ಷ ವರ್ಷಕ್ಕೂ ಇನ್ನಷ್ಟು ನಿಧಾನ ಆಗುತ್ತಿದೆ. ಕೋಲಾರ, ಚಿಕ್ಕಬಳ್ಳಾಪುರದ ನಡುವೆ ಬ್ರಾಡ್ ಗೇಜ್ ರೈಲು ಓಡಿದ್ದು 2013ರಲ್ಲಿ. ಈಗ ಆ ಹಳೇ ಎಂಜಿನ್ನನ್ನೇ ಹುಡುಕಿ ತಂದು ರಿಪೇರಿ ಮಾಡಿಸಿದರೂ ಓಡಿಸೋದು ಎಲ್ಲಿ? ಅದರ ಗಾಲಿಗೆ ಬೇಕಾದ್ದು 762 ಮಿಲಿಮೀಟರ್ ಅಗಲದ ಹಳಿ, ನಮ್ಮಲ್ಲಿರೋದು 1676. ಆದರೂ ಪ್ರತಿ ಸಭೆಯಲ್ಲೂ ಒಬ್ಬರು ಎದ್ದು ನಿಂತು "ಪ್ರವಾಸಿಗರಿಗೆ ಸ್ಟೀಮ್ ರೈಲು ಬಿಡಬೇಕು ಸಾರ್" ಅಂದೇ ಅನ್ನುತ್ತಾರೆ. ಚಪ್ಪಾಳೆ, ಬೋಂಡಾ, ಕಾಫಿ.

ನಂದಿ ಹಾಲ್ಟ್ ಕಡೆಯ ಹಳೇ ಸ್ಟೇಷನ್ ಕಟ್ಟಡಗಳನ್ನು ಉಳಿಸೋಕೆ ಪರಂಪರೆ ಕಾಪಾಡುವ ಸಂಸ್ಥೆ ಇಂಟ್ಯಾಕ್‌ನವರು ಕೈಹಾಕಿದರು. ಆ ಕೆಲಸವನ್ನು ಗೇಲಿ ಮಾಡಲ್ಲ. ಬಣ್ಣದ ಡಬ್ಬಕ್ಕಿಂತ ಮುಂದೆ ಯೋಚನೆ ಮಾಡಿದವರು ಸಿಗೋದೇ ಅಪರೂಪ.

ಬಣ್ಣ ಅಂದಾಗ ನೆನಪಾಯ್ತು. ನಮ್ಮ ಎಷ್ಟೋ ಸರ್ಕಾರಿ ಶಾಲೆಗಳ ಗೋಡೆಗೆ ರೈಲಿನ ಬಣ್ಣ ಹೊಡೆದಿದ್ದಾರಲ್ಲ, ನೋಡಿದ್ದೀರಿ ಅಲ್ವಾ? ಬೋಗಿ, ಕಿಟಕಿ, ಗಾಲಿ ಎಲ್ಲ ಇದೆ. ಮಕ್ಕಳು ಬಾಗಿಲಲ್ಲಿ ನಿಂತು ಟಾಟಾ ಮಾಡುವ ಫೋಟೋ ಪೇಪರಿನಲ್ಲಿ ಬರುತ್ತೆ. ನನಗಂತೂ ಖುಷಿಯೇ. ಒಂದೇ ತೊಂದರೆ, ಕೆಲವು ಬೋಗಿಗಳ ಸೂರು ಮಳೆಗೆ ಸೋರುತ್ತೆ. ಅಷ್ಟರ ಮಟ್ಟಿಗೆ ಅಸಲಿ ರೈಲೇ. ಅಂತೂ ಓಡಿದ ಎಂಜಿನ್ ತುಕ್ಕು ಹಿಡಿಯುತ್ತಿದೆ, ಎಂದೂ ಓಡದ ರೈಲಿಗೆ ಪೇಂಟು.

ಎಂದೂ ಓಡದ್ದು ಅಂದರೆ ನಮ್ಮ ಕೋಚ್ ಫ್ಯಾಕ್ಟರಿಯನ್ನು ಮರೆಯೋದು ಹೇಗೆ! ಕೋಲಾರಕ್ಕೆ, ಅದೂ ಶ್ರೀನಿವಾಸಪುರಕ್ಕೆ ರೈಲ್ವೆ ಕೋಚ್ ಫ್ಯಾಕ್ಟರಿ ಬರುತ್ತೆ ಅಂತ ಹೇಳಿ ಹತ್ತು ವರ್ಷ ದಾಟಿತು. ಜಿಲ್ಲೆಯಲ್ಲಿ ಇಷ್ಟು ಚೆನ್ನಾಗಿ ಕಾಪಾಡಿಕೊಂಡು ಬಂದ ರೈಲ್ವೆ ಆಸ್ತಿ ಇನ್ನೊಂದಿಲ್ಲ. ತುಕ್ಕು ಹಿಡಿಯಲ್ಲ, ಕಳ್ಳರು ಮುಟ್ಟಲ್ಲ, ಚುನಾವಣೆ ಬಂದಾಗ ಒರೆಸಿ ಇಟ್ಟರೆ ಹೊಸದರ ಹಾಗೆ ಹೊಳೆಯುತ್ತೆ. ಅದನ್ನೇ ಪಾರಂಪರಿಕ ತಾಣ ಅಂತ ಘೋಷಿಸಿಬಿಡಿ.

ಸಾಕು, ತಮಾಷೆ ಮಾಡಿ ಮಾಡಿ ಸುಸ್ತಾಗಿದೆ. ಬಯಲಲ್ಲಿ ನಿಂತ ಎಂಜಿನ್ ಹಾಳಾಗೋದು ಹೇಗೆ ಗೊತ್ತಾ? ಚಿಮಣಿ ಬಾಯಿ ತೆರೆದಿರುತ್ತೆ. ಮಳೆ ನೀರು ನೇರ ಒಳಗೆ ಇಳಿಯುತ್ತೆ. ಕೆಳಗೆ ಸ್ಮೋಕ್‌ಬಾಕ್ಸ್‌ನಲ್ಲಿ, ಅಂದರೆ ಹೊಗೆ ಬಂದು ಸೇರುವ ಡಬ್ಬದಲ್ಲಿ, ಹಳೇ ಬೂದಿ ಕೂತಿರುತ್ತೆ. ನೀರು, ಬೂದಿ ಸೇರಿ ಒಳಗಿನಿಂದಲೇ ತಗಡನ್ನು ತಿನ್ನುತ್ತವೆ. ಹೊರಗೆ ನೀವು ಎಷ್ಟು ಬೆಳ್ಳಿ ಬಣ್ಣ ಬಳಿದರೂ ಅಷ್ಟೇ. ಬೂದಿ ಗುಡಿಸಿ, ಚಿಮಣಿ ಮೇಲೆ ಒಂದು ತಗಡಿನ ಮುಚ್ಚಳ ಇಡಿ. ಮೇಲೆ ನಾಲ್ಕು ಶೀಟು ಹೊದಿಸಿ. ಇಷ್ಟು ಮಾಡೋಕೆ ಯಾವ ಸಮಿತಿ ಬೇಕು? ಇದೇ ದೇಶದಲ್ಲಿ 1855ರ ಫೇರಿ ಕ್ವೀನ್ ಎಂಜಿನ್ನನ್ನು 1997ರಲ್ಲಿ ಮತ್ತೆ ಹಳಿ ಮೇಲೆ ಓಡಿಸಿದರು. ಅದನ್ನು ಕಾಪಾಡಿಕೊಂಡು ಬಂದು ರಿಪೇರಿ ಮಾಡಿಸಿದರು, ಅದಕ್ಕೇ ಓಡಿತು. ನಮ್ಮಲ್ಲಿ ಒಂದು ಮುಚ್ಚಳಕ್ಕೆ ಗತಿಯಿಲ್ಲ. ನಾಚಿಕೆಗೇಡು.

ಮುಚ್ಚಳಕ್ಕೆ ಉದ್ಘಾಟನೆ ಮಾಡೋಕೆ ಬರಲ್ಲ, ರಿಬ್ಬನ್ ಕಟ್ಟೋಕೆ ಜಾಗ ಇಲ್ಲ, ಅದೇ ಕಷ್ಟ. ಹಾಗಿದ್ದರೆ ಬಸ್ ಸ್ಟಾಪಿಗೆ ಹಾಕಿಸಿದ ಹಾಗೆ ಮುಚ್ಚಳದ ಮೇಲೂ ಶಾಸಕರ ಫೋಟೋ ಹಾಕಿಸಿ ಸ್ವಾಮಿ, ನಮ್ಮದೇನೂ ತಕರಾರಿಲ್ಲ. ಕೆಳಗೆ ನಿಂತವರಿಗೆ ಕಾಣಲ್ಲ ಅಂತೀರಾ? ಡ್ರೋನ್ ಬಿಡಿ.