ನಾಲ್ಕು ಹಾಳೆಗಳ ಗುಡ್ಡ

ಕಪ್ಪತಗುಡ್ಡವನ್ನು ಇಡಿಯಾಗಿ ನೋಡಬೇಕೆನಿಸಿದಾಗ ನಾನು ಗದುಗಿನ ನಮ್ಮ ಮನೆಯ ಪಡಸಾಲೆಯನ್ನು ಗುಡಿಸಿ, ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳನ್ನು ಹಾಸಿಕೊಂಡು ಕೂಡುತ್ತೇನೆ. ಒಂದು ಮೈಲಿಗೆ ಒಂದು ಅಂಗುಲದ ಲೆಕ್ಕದಲ್ಲಿ ಅಚ್ಚಾದ ಇವುಗಳ ಒಂದೊಂದು ಹಾಳೆಯಲ್ಲೂ ಹಿಡಿಯುವುದು ಸುಮಾರು 17 ಮೈಲಿಯ ಚೌಕ ಮಾತ್ರ. ನಮ್ಮ ಸೀಮೆಗೆ 48 ಎಮ್ ಎಂಬ ಗುರುತು. ಅದರ 16 ಹಾಳೆಗಳಲ್ಲಿ ಗದಗ 11ರಲ್ಲಿ, ಶಿರಹಟ್ಟಿ 12ರಲ್ಲಿ, ಡಂಬಳ 15ರಲ್ಲಿ, ಮುಂಡರಗಿ 16ರಲ್ಲಿ. ಈ ನಾಲ್ಕೂ ಕೂಡುವ ಮೂಲೆ ಗುಡ್ಡದ ಸೀಮೆಯಲ್ಲೇ ಬಿದ್ದಿದೆ. ಅಣ್ಣತಮ್ಮಂದಿರು ಹಿಸೆಯಾಗುವಾಗ ಬಾವಿ ಯಾರಿಗೆ, ಬೇವಿನ ಮರ ಯಾರಿಗೆ ಎಂದಾದರೂ ನೋಡುತ್ತಾರೆ. ಅಕ್ಷಾಂಶ ರೇಖಾಂಶಗಳಿಗೆ ಆ ದಾಕ್ಷಿಣ್ಯವೂ ಇಲ್ಲ. ಮುಂದೆ 50,000ಕ್ಕೆ ಒಂದರ ಪ್ರಮಾಣ ಬಂದು ಅಡಿಗಳು ಮೀಟರುಗಳಾದರೂ ಹಿಸೆ ಮಾತ್ರ ಹಾಗೆಯೇ ಉಳಿಯಿತು.

ಹಾಳೆಗಳ ತುಂಬ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಂದು ಗೆರೆಗಳು. ಬೇಸಿಗೆಯಲ್ಲಿ ಕೆರೆ ಬತ್ತುತ್ತ ಹೋದಂತೆ ನೀರು ನಿಂತು ನಿಂತು ಇಳಿದ ಗುರುತುಗಳು ಅಂಗಳದಲ್ಲಿ ಒಂದರೊಳಗೊಂದು ಉಳಿಯುತ್ತವಲ್ಲ, ಆ ಕೆರೆಯನ್ನು ಬೋರಲು ಹಾಕಿದರೆ ಈ ಗುಡ್ಡವಾಗುತ್ತದೆ. 50 ಅಡಿಗೆ ಒಂದರಂತೆ ಏರುವ ಗೆರೆಗಳು ಒತ್ತೊತ್ತಾಗಿದ್ದಲ್ಲಿ ಏರು ಕಡಿದು, ದೂರ ಸರಿದಲ್ಲಿ ಎತ್ತಿನ ಬಂಡಿಯೂ ಹೋದೀತು.

ನನಗೆ ಹೆಚ್ಚು ಮೆಚ್ಚಾದವು ಹಳ್ಳಗಳು. ವರ್ಷವಿಡೀ ನೀರಿದ್ದರೆ ನೀಲಿ, ಬತ್ತುವ ಹಳ್ಳವಾದರೆ ಕಪ್ಪು ಎಂಬುದು ಈ ನಕ್ಷೆಗಳ ನಿಯಮ. ನಮ್ಮ ಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಕಪ್ಪೇ ಕಪ್ಪು. ಮಳೆಗಾಲದ ನಾಲ್ಕು ದಿನ ಕೆಂಪು ನೀರು ಹೊತ್ತು ಆರ್ಭಟಿಸುವ ಹಳ್ಳವನ್ನು ಕಂಡೂ ಮರುಳಾಗದೆ ಕಪ್ಪು ಶಾಯಿಯಲ್ಲೇ ಬರೆದ ಸರ್ವೆಯವನು ನಮ್ಮ ಕಡೆಯ ರೈತನಷ್ಟೇ ಅನುಭವಸ್ಥನಿರಬೇಕು. ಕೆರೆಯ ಏರಿಯ ಪಕ್ಕದಲ್ಲಿ ಸಣ್ಣದಾಗಿ ‘5ಆರ್’ ಎಂದಿದ್ದರೆ ಏರಿ ಸುತ್ತಲಿನ ನೆಲದಿಂದ ಎಷ್ಟು ಎತ್ತರ ಎಂಬ ಲೆಕ್ಕ. ಇಷ್ಟು ಅಚ್ಚುಕಟ್ಟಿನವರ ಕಿವಿ ಮಾತ್ರ ಧಾರವಾಡವನ್ನು ಧಾರ್ವಾರ್ ಎಂದೇ ಕೇಳಿಸಿಕೊಂಡಿತು.

ಈಗ ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳಾಗಲಿ, 2019ರಲ್ಲಿ ಘೋಷಣೆಯಾದ ವನ್ಯಜೀವಿಧಾಮದ ಗಡಿಯಾಗಲಿ ಇವುಗಳಲ್ಲಿಲ್ಲ. ಚುಕ್ಕೆ ಚುಕ್ಕೆಯಾದ ಕಾಲುದಾರಿಗಳಿವೆ. ಅವುಗಳಲ್ಲೊಂದನ್ನು ಬೆರಳಿನಿಂದ ಹಿಡಿದು, ಗೆರೆಗಳನ್ನು ದಾಟುತ್ತ, ಉಸಿರೂ ಕಟ್ಟದೆ ಏರಿ ಇಳಿದು ಹೊರಟರೆ, ದಾರಿ ಹಾಳೆಯ ಅಂಚಿಗೆ ಬಂದು ನಿಲ್ಲುತ್ತದೆ. ಮುಂಡರಗಿಯ ಹಾಳೆ ನನ್ನಲ್ಲಿಲ್ಲ. ಅಲ್ಲಿಂದ ಮುಂದೆ ನಮ್ಮ ಪಡಸಾಲೆಯ ಕಡಪಾ ಕಲ್ಲು.